ಕುಡುಗೋಲಿನ ಹಿಡಿಕೆಯಲ್ಲೂ ವಿಜ್ಞಾನ

ಮಳೆಗಾಲದಲ್ಲಿ ಹೊಸ ಹಿಡಿಕೆ ಹಾಕಿಸಿದ ಕುಡುಗೋಲು ಸುಗ್ಗಿಯ ಹೊತ್ತಿಗೆ ಅಲ್ಲಾಡತೊಡಗುವುದು ರೈತರ ಮನೆಗಳಲ್ಲಿ ಹೊಸ ಸಂಗತಿಯೇನಲ್ಲ. ಜೋಳದ ತೆನೆ ಕೊಯ್ಯುವಾಗ ಅಲಗು ಕಳಚಿದರೆ ಪೆಟ್ಟು ಬೀಳುವುದು ಬೆರಳಿಗೆ. ಎಲ್ಲರೂ ಕಂಬಾರರನ್ನು ದೂರುತ್ತಾರೆ. ಆದರೆ ಅನೇಕ ಸಲ ಇದಕ್ಕೆ ಕಾರಣ ಹಸಿ ಕಟ್ಟಿಗೆ.

ಆಗತಾನೆ ಕಡಿದ ಮರದಲ್ಲಿ ನೀರು ಎರಡು ಕಡೆ ಇರುತ್ತದೆ. ಜೀವಕೋಶಗಳ ಪೊಳ್ಳಿನಲ್ಲಿರುವ ನೀರು ಮೊದಲು ಆರುತ್ತದೆ. ಆಗ ಮರ ಕುಗ್ಗುವುದಿಲ್ಲ. ತೇವಾಂಶ ಸುಮಾರು ಶೇಕಡಾ 30ಕ್ಕಿಂತ ಕೆಳಗಿಳಿದಾಗ ಕೋಶಗಳ ಗೋಡೆಯಲ್ಲಿರುವ ನೀರು ಹೊರಡುತ್ತದೆ. ಕುಗ್ಗುವಿಕೆ ಶುರುವಾಗುವುದು ಆಗಲೇ. ಸವದತ್ತಿ, ರಾಮದುರ್ಗದ ಎರೆಹೊಲಗಳು ಬೇಸಿಗೆಯಲ್ಲಿ ಬಿರುಕು ಬಿಡುವುದನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಕಟ್ಟಿಗೆ ಅಡ್ಡಕ್ಕೆ ಕುಗ್ಗುತ್ತದೆ, ಒಳಗೆ ಕೂತ ಕಬ್ಬಿಣ ಕುಗ್ಗುವುದಿಲ್ಲ. ಹೀಗಾಗಿ ಹಿಡಿಕೆ ಸೀಳುತ್ತದೆ, ಹೊರಗಿನ ಬಳೆಯೂ ಸಡಿಲಾಗುತ್ತದೆ.

ಹಾಗಾದರೆ ಯಾವ ಮರ ಒಳ್ಳೆಯದು? ಬೈಲಹೊಂಗಲದಿಂದ ರಾಮದುರ್ಗದವರೆಗಿನ ಬಯಲಿನಲ್ಲಿ ಕೈಗೆ ಸಿಗುವುದು ಜಾಲಿ. ಇದರ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 0.8 ಗ್ರಾಂ, ಸಾಗವಾನಿಯದು ಸುಮಾರು 0.65. ಜಾಲಿ ಪೆಟ್ಟು ತಾಳುತ್ತದೆ, ಆದ್ದರಿಂದ ಕೊಡಲಿಯ ಕಾವಿಗೂ ಕುಡುಗೋಲಿಗೂ ಸರಿ. ಸಾಗವಾನಿ ಕುಗ್ಗುವುದು ಕಡಿಮೆ, ನೀರಿಗೂ ಅಂಜದು. ಅಡುಗೆಮನೆಯ ಚಾಕುವಿಗೆ ಅದೇ ಚೆನ್ನ. ಯಾವ ಮರವಾದರೂ ನಡುವಿನ ಬಣ್ಣದ ಚೇಗನ್ನೇ ಆರಿಸಬೇಕು. ಹೊರಗಿನ ಬಿಳಿ ಭಾಗಕ್ಕೆ ಹುಳು ಹತ್ತುತ್ತದೆ. ಕಿತ್ತೂರಿನಿಂದ ಪಶ್ಚಿಮಕ್ಕೆ ಹೋದಂತೆ ಕಾಡು ಹತ್ತಿರವಾಗುತ್ತದೆ. ಅಲ್ಲಿನ ಬೀಟೆ ಚೆಂದವೇನೋ ನಿಜ, ಆದರೆ ಅನುಮತಿಯಿಲ್ಲದೆ ಕಡಿಯುವುದು ಅಪರಾಧ.

ಕೊಂಬಿನ ಹಿಡಿಕೆಗಳೂ ಉಂಟು. ಎಮ್ಮೆಯ ಕೊಂಬಿನ ಹೊರಭಾಗ ನಮ್ಮ ಉಗುರಿನಂತೆ ಕೆರಾಟಿನ್, ಬಿಸಿನೀರಿಗೆ ಮೆತ್ತಗಾಗುತ್ತದೆ. ಜಿಂಕೆ, ಕಡವೆಗಳ ಕೊಂಬಿನ ವ್ಯಾಪಾರವಂತೂ, ಅದು ತಾನಾಗಿ ಉದುರಿದ್ದಾದರೂ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಿಷಿದ್ಧ.

ಮರದ ಜಾತಿಯಷ್ಟೇ ಮುಖ್ಯವಾದದ್ದು ಎಳೆ. ಎಳೆಗಳು ಹಿಡಿಕೆಯ ಉದ್ದಕ್ಕೆ ನೇರವಾಗಿರಬೇಕು, ಗಂಟು ಇರಬಾರದು. ತುಂಡನ್ನು ನೆರಳಿನಲ್ಲಿ ತಿಂಗಳುಗಟ್ಟಲೆ ಆರಿಸಬೇಕು. ಬಿಸಿಲಿಗಿಟ್ಟರೆ ಹೊರಮೈ ಬೇಗ ಆರಿ ಸೀಳುತ್ತದೆ. ಆರಿತೋ ಇಲ್ಲವೋ ತಿಳಿಯಲು ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ತುಂಡನ್ನು ವಾರಕ್ಕೊಮ್ಮೆ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತಾಗ ಕಟ್ಟಿಗೆ ಸಿದ್ಧವಾಯಿತೆಂದು ತಿಳಿಯಿರಿ.

ಕೊನೆಗೆ ಎಣ್ಣೆ. ಶೇಂಗಾ ಎಣ್ಣೆ ಸವರಿದರೆ ಅದು ಗಟ್ಟಿಯಾಗದೆ ಜಿಗಟಾಗಿಯೇ ಉಳಿಯುತ್ತದೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿ ಪೊರೆಯಾಗುತ್ತದೆ. ಈ ಕ್ರಿಯೆಯಲ್ಲಿ ಶಾಖ ಹುಟ್ಟುವುದರಿಂದ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಒಗೆಯಬಾರದು, ತಾನಾಗಿ ಬೆಂಕಿ ಹೊತ್ತೀತು. ಬಯಲಲ್ಲಿ ಹರಡಿ ಒಣಗಿಸಬೇಕು.

ಸಂತೆಯಲ್ಲಿ ಕೊಳ್ಳುವಾಗ ಜನ ಅಲಗಿನ ಹೊಳಪು ನೋಡುತ್ತಾರೆ. ಹಿಡಿಕೆಯ ಎಳೆಯನ್ನೂ ಒಮ್ಮೆ ತಿರುಗಿಸಿ ನೋಡಿದರೆ ಸುಗ್ಗಿಯಲ್ಲಿ ಬೆರಳು ಉಳಿದೀತು.