ಯೀಸ್ಟಿನೊಳಗಿನ ಸೆಲೆನಿಯಂ: ಎಷ್ಟಿದೆ, ಯಾವ ರೂಪದಲ್ಲಿದೆ?

ಟೊರುಲಾ ಎಂಬ ಬಗೆಯ ಯೀಸ್ಟನ್ನು ಪ್ರೋಟೀನಿಗೆಂದು ತಿನ್ನಿಸಿದ ಇಲಿಗಳು ಯಕೃತ್ತು ಕೆಟ್ಟು ಸಾಯುತ್ತಿದ್ದವು. ಬಿಯರ್ ತಯಾರಿಕೆಯ ಯೀಸ್ಟ್ ಕೊಟ್ಟರೆ ಬದುಕುತ್ತಿದ್ದವು. ಎರಡೂ ಯೀಸ್ಟೇ, ಆದರೂ ಒಂದರಲ್ಲಿ ಇದ್ದದ್ದು ಇನ್ನೊಂದರಲ್ಲಿ ಇರಲಿಲ್ಲ. ಅದೇನೆಂದು ಬೆನ್ನುಹತ್ತಿದ ಕ್ಲೌಸ್ ಶ್ವಾರ್ಟ್ಸ್ ಮತ್ತು ಫೋಲ್ಟ್ಸ್ 1957ರಲ್ಲಿ ಅಮೆರಿಕದಲ್ಲಿ ಉತ್ತರ ಕಂಡರು: ಸೆಲೆನಿಯಂ. ಅಲ್ಲಿಯವರೆಗೆ ದನಕರುಗಳಿಗೆ ವಿಷವೆಂದೇ ಹೆಸರಾಗಿದ್ದ ಧಾತು ಜೀವಕ್ಕೆ ಬೇಕಾದದ್ದೆಂದು ಗೊತ್ತಾಯಿತು.

ಇಂದು ಪೌಷ್ಟಿಕ ಪೂರಕಗಳ ಅಂಗಡಿಯಲ್ಲಿ ಸೆಲೆನಿಯಂ ಯೀಸ್ಟ್ ಮಾತ್ರೆಯಾಗಿ ಸಿಗುತ್ತದೆ. ಡಬ್ಬಿಯ ಮೇಲೆ 100 ಅಥವಾ 200 ಮೈಕ್ರೋಗ್ರಾಂ ಎಂಬಂಥ ಅಂಕಿ ಇರುತ್ತದೆ. ಸೆಲೆನಿಯಂ ಎಷ್ಟಿದೆ ಎಂಬುದನ್ನು ಆ ಅಂಕಿ ಹೇಳುತ್ತದೆ. ಯಾವ ವೇಷದಲ್ಲಿದೆ ಎಂಬುದನ್ನು ಹೇಳುವುದಿಲ್ಲ. ದೇಹಕ್ಕೆ ಎರಡೂ ಮುಖ್ಯ.

ಗಂಧಕದ ಜಾಗದಲ್ಲಿ

ಆವರ್ತ ಕೋಷ್ಟಕದಲ್ಲಿ ಸೆಲೆನಿಯಂ ಗಂಧಕದ ಕೆಳಗಿನ ಮನೆಯಲ್ಲಿದೆ. ಗುಣದಲ್ಲಿ ಎರಡೂ ಎಷ್ಟು ಹತ್ತಿರವೆಂದರೆ ಯೀಸ್ಟ್ ಒಂದರ ಬದಲು ಇನ್ನೊಂದನ್ನು ಬಳಸಿಬಿಡುತ್ತದೆ. ತಯಾರಕರು ಗಂಧಕ ಕಡಿಮೆಯಿರುವ ದ್ರವದಲ್ಲಿ ಯೀಸ್ಟ್ ಬೆಳೆಸಿ, ಸೋಡಿಯಂ ಸೆಲೆನೈಟನ್ನು ಸ್ವಲ್ಪಸ್ವಲ್ಪವಾಗಿ ಉಣಿಸುತ್ತಾರೆ. ಯೀಸ್ಟ್ ಮೆಥಿಯೊನಿನ್ ಎಂಬ ಅಮೈನೋ ಆಮ್ಲವನ್ನು ಕಟ್ಟುವಾಗ ಗಂಧಕದ ಜಾಗದಲ್ಲಿ ಸೆಲೆನಿಯಂ ಕೂರುತ್ತದೆ. ಹುಟ್ಟಿದ್ದು ಸೆಲೆನೋಮೆಥಿಯೊನಿನ್. ಅದು ಯೀಸ್ಟಿನ ಪ್ರೋಟೀನುಗಳೊಳಗೆ ಸೇರಿಕೊಳ್ಳುತ್ತದೆ.

ನಮ್ಮ ದೇಹವೂ ಇದನ್ನು ಮೆಥಿಯೊನಿನ್ ಎಂದೇ ಬಗೆದು ಸ್ನಾಯು ಮೊದಲಾದ ಕಡೆಯ ಪ್ರೋಟೀನುಗಳಲ್ಲಿ ಸೇರಿಸಿಕೊಳ್ಳುತ್ತದೆ. ಹೀಗೆ ಒಂದು ದಾಸ್ತಾನು ಬೆಳೆಯುತ್ತದೆ. ಸೆಲೆನೈಟ್‌ಗೆ ಆ ದಾರಿಯಿಲ್ಲ. ಬೇಕಾದಷ್ಟು ಬಳಕೆಯಾಗಿ ಹೆಚ್ಚಿನ ಪಾಲು ಮೂತ್ರದಲ್ಲಿ ಹೋಗುತ್ತದೆ. ಆದ್ದರಿಂದ ಅಷ್ಟೇ ಮೈಕ್ರೋಗ್ರಾಂ ತಿಂದರೂ ಸೆಲೆನೋಮೆಥಿಯೊನಿನ್‌ನಿಂದ ರಕ್ತದ ಸೆಲೆನಿಯಂ ಮಟ್ಟ ಹೆಚ್ಚು ಏರುತ್ತದೆ.

ಸಾಮಾನ್ಯ ಯೀಸ್ಟಿಗೆ ಅಗ್ಗದ ಸೆಲೆನೈಟ್ ಬೆರೆಸಿ ಸೆಲೆನಿಯಂ ಯೀಸ್ಟ್ ಎಂದು ಮಾರಿದರೆ ಒಟ್ಟು ಅಂಕಿ ಸರಿಯಾಗಿಯೇ ಬರುತ್ತದೆ. ಮೋಸ ಬಯಲಾಗುವುದು ರೂಪವನ್ನು ಹುಡುಕಿದಾಗ ಮಾತ್ರ.

ಪ್ರಯೋಗಾಲಯದ ಮೇಜಿನ ಮೇಲೆ

ಮೊದಲ ತೊಡಕು, ಸೆಲೆನೋಮೆಥಿಯೊನಿನ್ ಪ್ರೋಟೀನಿನೊಳಗೆ ಹೆಣೆದುಕೊಂಡಿರುವುದು. ಪುಡಿಯನ್ನು ಬರೀ ನೀರಿನಲ್ಲಿ ಕದಡಿದರೆ ಸೆಲೆನಿಯಂನ ಸಣ್ಣ ಪಾಲಷ್ಟೇ ಹೊರಬರುತ್ತದೆ. ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸಿದರೆ ಹುಡುಕುತ್ತಿರುವ ಅಣುವೇ ಹಾಳಾಗುವ ಭಯ. ಹಾಗಾಗಿ ಚಿಟಿಕೆ ಪುಡಿಗೆ ಪ್ರೋಟೀನು ಕತ್ತರಿಸುವ ಕಿಣ್ವ ಸೇರಿಸಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ನಮ್ಮ ಮೈಯ ಬಿಸಿಯಲ್ಲಿ, ಸುಮಾರು ಒಂದು ದಿನ ಅಲುಗಾಡಿಸುತ್ತ ಇಡುತ್ತಾರೆ. ಹೊಟ್ಟೆಯಲ್ಲಿ ನಡೆಯುವ ಜೀರ್ಣಕ್ರಿಯೆಯನ್ನೇ ಸೀಸೆಯಲ್ಲಿ ನಡೆಸಿದಂತೆ. ಮೀಥೇನ್‌ಸಲ್ಫೋನಿಕ್ ಆಮ್ಲದಲ್ಲಿ ಕುದಿಸುವುದು ಇನ್ನೊಂದು ದಾರಿ. ಎರಡರಲ್ಲೂ ಅಣು ಗಾಳಿಗೆ ಸಿಕ್ಕಿ ಉತ್ಕರ್ಷಣಗೊಳ್ಳದಂತೆ ಎಚ್ಚರ ಬೇಕು.

ಸಿಕ್ಕ ದ್ರವವನ್ನು ಕ್ರೊಮಟೋಗ್ರಫಿಯ ಕೊಳವೆಯಲ್ಲಿ ಹರಿಸುತ್ತಾರೆ. ಒಂದೊಂದು ರೂಪವೂ ತನ್ನದೇ ವೇಗದಲ್ಲಿ ಸಾಗಿ ತನ್ನದೇ ಹೊತ್ತಿಗೆ ಹೊರಬರುತ್ತದೆ. ತುದಿಯಲ್ಲಿ ಕಾದಿರುವುದು ಸಾವಿರಾರು ಡಿಗ್ರಿ ಬಿಸಿಯ ಆರ್ಗಾನ್ ಪ್ಲಾಸ್ಮಾ. ಅಲ್ಲಿ ಅಣುಗಳು ಒಡೆದು, ಬಿಡಿಯಾದ ಸೆಲೆನಿಯಂ ಪರಮಾಣುಗಳು ವಿದ್ಯುದಂಶ ಪಡೆದು ತೂಕದ ಯಂತ್ರ ಸೇರುತ್ತವೆ. ಪರದೆಯ ಮೇಲೆ ಶಿಖರಗಳು ಏಳುತ್ತವೆ.

ಇಲ್ಲೂ ಒಂದು ತೊಂದರೆಯಿದೆ. ಸೆಲೆನಿಯಂನ ಅರ್ಧದಷ್ಟು ಪರಮಾಣುಗಳ ದ್ರವ್ಯರಾಶಿ ಸಂಖ್ಯೆ 80. ಎರಡು ಆರ್ಗಾನ್ ಪರಮಾಣುಗಳು ಕೂಡಿದರೂ 80. ಯಂತ್ರಕ್ಕೆ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ. ಹೈಡ್ರೋಜನ್ ಅನಿಲ ಹಾಯಿಸಿ ಆ ಆರ್ಗಾನ್ ಜೋಡಿಯನ್ನು ಒಡೆಯುತ್ತಾರೆ, ಇಲ್ಲವೇ 78, 82ರ ಪರಮಾಣುಗಳನ್ನು ಎಣಿಸುತ್ತಾರೆ. ಮತ್ತೊಂದು ಮಿತಿ: ಪ್ಲಾಸ್ಮಾಕ್ಕೆ ಪರಮಾಣು ಕಾಣುತ್ತದೆ, ಅಣು ಕಾಣುವುದಿಲ್ಲ. ಪರಿಚಯವಿಲ್ಲದ ಶಿಖರ ಎದ್ದರೆ ಅಣುವನ್ನು ಇಡಿಯಾಗಿ ತೂಗುವ ಬೇರೆ ಯಂತ್ರದ ನೆರವು ಬೇಕು.

ಲೆಕ್ಕ ತಾಳೆಯಾಗಬೇಕು

ತಮ್ಮ ವಿಧಾನ ಸರಿಯೇ ಎಂದು ಒರೆಗೆ ಹಚ್ಚಲು ಪ್ರಯೋಗಾಲಯಗಳು ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿ ಸಿದ್ಧಪಡಿಸಿದ ಸೆಲ್ಮ್-1 ಎಂಬ ಯೀಸ್ಟ್ ಪುಡಿ ಬಳಸುತ್ತವೆ. ಅದರ ಒಂದು ಕಿಲೋದಲ್ಲಿ ಸುಮಾರು 2000 ಮಿಲಿಗ್ರಾಂ ಸೆಲೆನಿಯಂ, ಸುಮಾರು 3200 ಮಿಲಿಗ್ರಾಂ ಸೆಲೆನೋಮೆಥಿಯೊನಿನ್ ಇದೆ. ಒಟ್ಟಿಗಿಂತ ಪಾಲೇ ದೊಡ್ಡದಾಯಿತಲ್ಲ ಎಂದು ಬೆರಗಾಗಬೇಡಿ. ಆ ಅಣುವಿನ ತೂಕದಲ್ಲಿ ಸೆಲೆನಿಯಂ ಶೇ. 40ರಷ್ಟು ಮಾತ್ರ. 3200ರ ಶೇ. 40 ಎಂದರೆ 1280. ಅಂದರೆ ಒಟ್ಟು ಸೆಲೆನಿಯಂನ ಶೇ. 64ರಷ್ಟು ಈ ರೂಪದಲ್ಲಿದೆ. ಹೊರತೆಗೆದ ಸೆಲೆನಿಯಂನಲ್ಲಿ ಸೆಲೆನೋಮೆಥಿಯೊನಿನ್ ಶೇ. 60ರಿಂದ 85 ಇರಬೇಕು, ಸೆಲೆನೈಟ್‌ನಂಥ ನಿರವಯವ ರೂಪ ಸಾಮಾನ್ಯವಾಗಿ ಶೇ. 1 ಮೀರಬಾರದು ಎಂಬುದು ಪೂರಕಗಳಿಗೆ ಐರೋಪ್ಯ ಒಕ್ಕೂಟದ ನಿಯಮ.

ರೂಪದ ಪ್ರಶ್ನೆ ಚಿಕಿತ್ಸಾ ಸಂಶೋಧನೆಯನ್ನೂ ಕಾಡಿದೆ. 1996ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಯೀಸ್ಟ್ ರೂಪದಲ್ಲಿ ದಿನಕ್ಕೆ 200 ಮೈಕ್ರೋಗ್ರಾಂ ಸೆಲೆನಿಯಂ ತೆಗೆದುಕೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಕಡಿಮೆ ಕಂಡಿತು. ಬಳಿಕ 35,000ಕ್ಕೂ ಹೆಚ್ಚು ಗಂಡಸರು ಪಾಲ್ಗೊಂಡ, ಶುದ್ಧ ಸೆಲೆನೋಮೆಥಿಯೊನಿನ್ ಪರೀಕ್ಷಿಸಿದ ಸೆಲೆಕ್ಟ್ ಅಧ್ಯಯನವನ್ನು ಪ್ರಯೋಜನ ಕಾಣದೆ 2008ರಲ್ಲಿ ನಿಲ್ಲಿಸಲಾಯಿತು. ಎರಡನೆಯವರ ದೇಹದಲ್ಲಿ ಮೊದಲೇ ಸೆಲೆನಿಯಂ ಸಾಕಷ್ಟಿತ್ತು ಎಂಬುದು ಒಂದು ವಿವರಣೆ. ಕೊಟ್ಟ ರೂಪವೇ ಬೇರೆ ಎಂಬುದು ಇನ್ನೊಂದು.

ಹಾಗೆಂದು ಪ್ರಮಾಣವನ್ನು ಮರೆಯುವಂತಿಲ್ಲ. 2008ರಲ್ಲೇ ಅಮೆರಿಕದ ಒಂದು ದ್ರವರೂಪದ ಪೂರಕದಲ್ಲಿ ನಮೂದಿಸಿದ್ದಕ್ಕಿಂತ ಸುಮಾರು 200 ಪಟ್ಟು ಸೆಲೆನಿಯಂ ಸೇರಿ, ಇನ್ನೂರಕ್ಕೂ ಹೆಚ್ಚು ಜನ ಕೂದಲುದುರಿ, ಉಗುರು ಕೆಟ್ಟು ನರಳಿದರು. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ವಯಸ್ಕರಿಗೆ ಸೂಚಿಸುವುದು ದಿನಕ್ಕೆ 40 ಮೈಕ್ರೋಗ್ರಾಂ ಮಾತ್ರ. ವೈದ್ಯರು ಬೇಕೆಂದರೆ ಮಾತ್ರ ಮಾತ್ರೆ ಕೊಳ್ಳಿ. ಕೊಳ್ಳುವಾಗ ಅಂಕಿಯ ಪಕ್ಕದಲ್ಲಿ ರೂಪದ ಹೆಸರಿದೆಯೇ ನೋಡಿ, ಇಲ್ಲದಿದ್ದರೆ ಕೇಳಿ.