ಇನ್ನೊಬ್ಬ ಡಾಕ್ಟರನ್ನ ಕೇಳಿದ್ರೆ ತಪ್ಪೇನು?

ಬ್ರಾಂಪ್ಟನ್ನಿನ ನಮ್ಮ ಗೆಳೆಯರೊಬ್ಬರು ಟ್ರಕ್ ಓಡಿಸ್ತಾರೆ. ವಯಸ್ಸು 58, ಊರು ಹಾಸನದ ಕಡೆ. ಕಳೆದ ಚಳಿಗಾಲದಲ್ಲಿ ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಗೊತ್ತಾಯಿತು. ಸರ್ಜನ್ ಎಲ್ಲಾ ವಿವರಿಸಿ ಆಪರೇಷನ್‌ಗೆ ದಿನಾಂಕ ಕೊಟ್ಟರು. ಇವರ ತಲೆಯಲ್ಲಿ ಉಳಿದದ್ದು ಮಾತ್ರ ಒಂದೇ: ಆಮೇಲೆ ಮೂತ್ರ ಸೋರಬಹುದು ಅನ್ನೋದು. ದಿನವಿಡೀ ಸ್ಟಿಯರಿಂಗ್ ಹಿಡಿಯೋ ಮನುಷ್ಯನಿಗೆ ಅದು ಸಣ್ಣ ಮಾತಲ್ಲ.

ಟ್ಯಾಕ್ಸ್ ಕಾಗದ ಕೊಡೋಕೆ ನಮ್ಮಲ್ಲಿಗೆ ಬಂದಾಗ ವಿಷಯ ಹೊರಬಿತ್ತು. "ಇನ್ನೊಬ್ಬರನ್ನ ಕೇಳೋಣ ಅನ್ಸತ್ತೆ ಸಾರ್. ಆದ್ರೆ ಈ ಡಾಕ್ಟ್ರು ಬೇಜಾರ್ ಮಾಡ್ಕೊಂಡು ಡೇಟ್ ಕ್ಯಾನ್ಸಲ್ ಮಾಡ್ಬಿಟ್ರೆ?" ಇಲ್ಲಿನದ್ದೆಲ್ಲ ಬಿಟ್ಟು ಬೆಂಗಳೂರಿನ ಕಿದ್ವಾಯಿಗೆ ಹೋಗೋಣ ಅಂತ ಟಿಕೆಟ್ ರೇಟೂ ನೋಡಿಟ್ಟಿದ್ದರು.

ನಾವು ಬರೆದ ಲೆಕ್ಕವನ್ನ ಆಡಿಟರ್ ನೋಡ್ತಾರೆ, ಅದರಲ್ಲಿ ಅವಮಾನ ಏನಿದೆ? ಡಾಕ್ಟರಿಗೂ ಈ ಕೋರಿಕೆ ಹೊಸದಲ್ಲ. ನಾವು ಹೇಳಿದ್ದಿಷ್ಟು: ಕೊಟ್ಟ ದಿನಾಂಕ ಹಾಗೇ ಇರಲಿ, ಎಷ್ಟು ದಿನ ಕಾದರೆ ಅಪಾಯವಿಲ್ಲ ಅಂತ ಸರ್ಜನ್‌ನೇ ಕೇಳಿ, ಅಷ್ಟರೊಳಗೆ ಇನ್ನೊಬ್ಬರಿಗೆ ತೋರಿಸೋಣ.

ಇದಕ್ಕೆ ಫ್ಯಾಮಿಲಿ ಡಾಕ್ಟರೋ ಈಗ ನೋಡ್ತಿರೋ ಸ್ಪೆಷಲಿಸ್ಟೋ ರೆಫರಲ್ ಬರೆಯಬೇಕು. ನಾವೇ ಹೋಗಿ ನಿಂತರೆ ಆಗಲ್ಲ. ಓಹಿಪ್ ಕಾರ್ಡ್ ಇದ್ದರೆ ಆ ಭೇಟಿಗೆ ದುಡ್ಡಿಲ್ಲ. ಟೊರೊಂಟೊದಲ್ಲಿ ಪ್ರಿನ್ಸೆಸ್ ಮಾರ್ಗರೆಟ್, ಸನ್ನಿಬ್ರೂಕ್. ಮಿಸ್ಸಿಸಾಗಾದ ಕ್ರೆಡಿಟ್ ವ್ಯಾಲಿ, ಓಶವಾ, ನ್ಯೂಮಾರ್ಕೆಟ್‌ನಲ್ಲೂ ಕ್ಯಾನ್ಸರ್ ಕೇಂದ್ರಗಳಿವೆ. ಸೂಪರ್ ವೀಸಾದಲ್ಲಿ ಬಂದ ಅಪ್ಪ-ಅಮ್ಮನಿಗೆ ಓಹಿಪ್ ಇಲ್ಲ, ಅವರದು ಬೇರೆ ಕಥೆ.

ನಿಜವಾದ ಕೆಲಸ ಇರೋದು ಕಾಗದದಲ್ಲಿ. ಬಯಾಪ್ಸಿ ವರದಿ, ಪಿಎಸ್‌ಎ ಪಟ್ಟಿ, ಸ್ಕ್ಯಾನಿನ ಡಿಸ್ಕ್ ಎಲ್ಲಾ ಬೇಕು. ನಮ್ಮ ದಾಖಲೆಯ ಪ್ರತಿ ಕೇಳುವ ಹಕ್ಕನ್ನು ಒಂಟಾರಿಯೊದ 2004ರ ಕಾನೂನು ಕೊಟ್ಟಿದೆ, ಸ್ವಲ್ಪ ಫೀ ಹಾಕಬಹುದು. ಬಯಾಪ್ಸಿಯ ಗಾಜಿನ ಸ್ಲೈಡುಗಳನ್ನೇ ತರಿಸಿ ಮತ್ತೆ ನೋಡ್ತೀರಾ ಅಂತ ಮರೆಯದೆ ಕೇಳಿ. ಒಂದೇ ಸ್ಲೈಡನ್ನ ಇಬ್ಬರು ಪ್ಯಾಥಾಲಜಿಸ್ಟುಗಳು ಬೇರೆ ಬೇರೆ ಥರ ಓದೋದುಂಟು. ಪ್ರಾಸ್ಟೇಟಿನಲ್ಲಿ ಗ್ಲೀಸನ್ ಅಂಕ ಅಂತ ಇದೆ. 3+4 ಕೂಡಿದರೂ ಏಳು, 4+3 ಕೂಡಿದರೂ ಏಳು. ಆದರೆ ನಾಲ್ಕು ಮೊದಲು ಬಂದರೆ ರೋಗ ಹೆಚ್ಚು ಜೋರು. ಮೊತ್ತ ನೋಡಿ ಪುಟ ತಿರುಗಿಸೋ ನಮ್ಮಂಥವರು ಇಲ್ಲಿ ಎಡವೋದು ಖಂಡಿತ.

ನಾವೂ ಜೊತೆಗೆ ಹೋಗಿದ್ದೆವು, ಬರೆದುಕೊಳ್ಳೋಕೆ. ಎರಡನೇ ಕಡೆಯಲ್ಲೂ 3+4 ಅಂತಲೇ ಬಂತು. ಆದರೆ ಅಲ್ಲಿ ರೇಡಿಯೇಷನ್ ಡಾಕ್ಟರೂ ಕೂತು, ಅದೂ ಇವರಿಗೆ ಹೊಂದುತ್ತೆ, ಅದರ ತೊಂದರೆಗಳು ಇಂಥವು ಅಂತ ಬಿಡಿಸಿ ಹೇಳಿದರು. ಸೋರೋದು ಬಹಳ ಜನಕ್ಕೆ ತಿಂಗಳುಗಳಲ್ಲಿ ಕಡಿಮೆಯಾಗುತ್ತೆ ಅನ್ನೋದನ್ನೂ ಇವರು ಕಿವಿಗೆ ಹಾಕಿಕೊಂಡದ್ದು ಆಗಲೇ. ವಾರವೆಲ್ಲ ಯೋಚಿಸಿ ಆಪರೇಷನ್ನನ್ನೇ ಆರಿಸಿದರು, ಮೊದಲಿನ ಸರ್ಜನ್, ಮೊದಲಿನ ದಿನಾಂಕ. "ಕೇಳಿದ್ದು ಒಳ್ಳೇದೇ ಆಯ್ತು" ಅಂದರಂತೆ ಸರ್ಜನ್.

ಟಿ4 ನೌಕರರಾದ್ದರಿಂದ, 600 ಗಂಟೆ ತುಂಬಿದ್ದರಿಂದ ಇಐ ಸಿಕ್‌ನೆಸ್ ಸಿಕ್ಕಿತು; ಅದು 2022ರ ಡಿಸೆಂಬರ್‌ನಿಂದ 26 ವಾರದವರೆಗೆ ಇದೆ. ಸ್ವಂತ ಕಂಪನಿ ಮಾಡಿಕೊಂಡು ಓಡಿಸೋ ಡ್ರೈವರುಗಳಿಗೆ ಇದು ತಾನಾಗಿ ಸಿಗಲ್ಲ, ಗಮನವಿರಲಿ.

ಮೊನ್ನೆ ಯಾರ್ಡಿನಿಂದ ಫೋನ್ ಮಾಡಿದ್ದರು. ಮತ್ತೆ ಟ್ರಕ್ ಹತ್ತಿದ್ದಾರೆ. ಮೆಡಿಕಲ್ ಬಿಲ್ಲುಗಳನ್ನೆಲ್ಲ ಟ್ಯಾಕ್ಸಿಗೆ ಅಂತ ಒಂದು ಚೀಲದಲ್ಲಿ ತುಂಬಿಟ್ಟಿದ್ದಾರಂತೆ, ಡೈಪರಿನ ರಸೀದಿ ಸಮೇತ.