ಮುಳುಗುವ ಸೂರ್ಯ: ಕ್ಯಾಮರಾದ ಕಣ್ಣು, ಮನುಷ್ಯನ ಕಣ್ಣು

ಪಡುವಣ ಕಡಲಿನಲ್ಲಿ ಸೂರ್ಯನು ಮುಳುಗುವ ದೃಶ್ಯವು ಮುಂಬಯಿ ಕನ್ನಡಿಗರಿಗೆ ಹೊಸತಲ್ಲ. ಮಲ್ಪೆ, ಮರವಂತೆಗಳ ಮರಳ ದಂಡೆಯಲ್ಲಿ ಬಾಲ್ಯವನ್ನು ಕಳೆದವರು ಜುಹೂ ತೀರದಲ್ಲಿಯೂ ಅದೇ ಅರಬ್ಬೀ ಸಮುದ್ರವನ್ನು, ಅದೇ ಸೂರ್ಯನನ್ನು ಕಾಣುತ್ತಾರೆ. ರಜೆಯ ಸಂಜೆ ಮಕ್ಕಳೊಡನೆ ಹೋದವರು ಕೈಯಲ್ಲಿರುವ ಕ್ಯಾಮರಾವನ್ನೋ ಮೊಬೈಲ್ ಫೋನನ್ನೋ ಪಶ್ಚಿಮಕ್ಕೆ ಹಿಡಿಯುತ್ತಾರೆ. ಮನೆಗೆ ಬಂದು ನೋಡಿದರೆ ಕುಂಕುಮವರ್ಣದ ಆಕಾಶವು ಬೂದಿಯಂತೆಯೂ ಸೂರ್ಯನು ಬರಿಯ ಬಿಳಿಯ ಕಲೆಯಂತೆಯೂ ಉಳಿದಿರುತ್ತಾರೆ. ಈ ನಷ್ಟಕ್ಕೆ ಕಾರಣವುಂಟು, ಪರಿಹಾರವೂ ಉಂಟು. ಅದಕ್ಕೂ ಮಿಗಿಲಾಗಿ, ಚಿತ್ರದ ಆಸೆಯಲ್ಲಿ ಕಣ್ಣಿಗೆ ಹಾನಿಯಾಗದಂತೆ ವಹಿಸಬೇಕಾದ ಎಚ್ಚರಿಕೆಯೊಂದುಂಟು.

ಸ್ಥಳ ಮತ್ತು ಸಮಯ

ನೆತ್ತಿಯ ಮೇಲಿನ ಸೂರ್ಯನ ಬೆಳಕಿಗೆ ಹೋಲಿಸಿದರೆ, ದಿಗಂತದಿಂದ ಬರುವ ಬೆಳಕು ಸುಮಾರು 38 ಪಟ್ಟು ಗಾಳಿಯನ್ನು ಹಾದು ಬರಬೇಕಾಗುತ್ತದೆ. ಆ ದೀರ್ಘ ಪಯಣದಲ್ಲಿ ನೀಲ ಕಿರಣಗಳು ಗಾಳಿಯ ಅಣುಗಳಿಂದ ಚದುರಿಹೋಗುತ್ತವೆ. ಕೆಂಪು, ಕಿತ್ತಳೆ ವರ್ಣಗಳೇ ಹೆಚ್ಚಾಗಿ ಉಳಿಯುತ್ತವೆ. ಬಿಂಬದ ಕೆಳ ಅಂಚು ನೀರನ್ನು ಮುಟ್ಟಿದ ಮೇಲೆ ಪೂರ್ತಿ ಮರೆಯಾಗಲು ಮುಂಬಯಿಯಲ್ಲಿ ಎರಡು ನಿಮಿಷಕ್ಕಿಂತ ತುಸು ಹೆಚ್ಚು ಕಾಲ ಸಾಕು. ಆದುದರಿಂದ ಸಿದ್ಧತೆಯೆಲ್ಲವೂ ಅರ್ಧ ಗಂಟೆ ಮೊದಲೇ ಮುಗಿದಿರಬೇಕು. ಸೂರ್ಯಾಸ್ತವು ನವೆಂಬರ್ ಕೊನೆಯಲ್ಲಿ ಆರು ಗಂಟೆಯ ಸುಮಾರಿಗೆ, ಜೂನ್ ಕೊನೆಯಲ್ಲಿ ಏಳೂ ಇಪ್ಪತ್ತರ ಸುಮಾರಿಗೆ. ಮರೀನ್ ಡ್ರೈವಿನ ಮಧ್ಯಭಾಗದಲ್ಲಿ ನಿಂತವರಿಗೆ ಡಿಸೆಂಬರಿನ ಸೂರ್ಯನು ತೆರೆದ ಕಡಲಿನಲ್ಲಿ ಇಳಿದರೆ, ಬೇಸಿಗೆಯ ಸೂರ್ಯನು ಮಲಬಾರ್ ಹಿಲ್‌ನ ಹಿಂದೆ ಸರಿಯುತ್ತಾನೆ.

ಬಣ್ಣ ಮತ್ತು ಬೆಳಕಿನ ಲೆಕ್ಕ

ಬಣ್ಣ ಕಳೆದುಹೋಗಲು ಮುಖ್ಯ ಕಾರಣ 'ವೈಟ್ ಬ್ಯಾಲೆನ್ಸ್' ಎಂಬ ಏರ್ಪಾಡು. ಅದನ್ನು 'ಆಟೋ' ಸ್ಥಿತಿಯಲ್ಲಿ ಬಿಟ್ಟರೆ ಕ್ಯಾಮರಾವು ಸಂಜೆಗೆಂಪನ್ನು ದೋಷವೆಂದು ಬಗೆದು ತಿದ್ದಿಬಿಡುತ್ತದೆ. 'ಡೇಲೈಟ್', ಅಂದರೆ ಸುಮಾರು 5,500 ಕೆಲ್ವಿನ್, ಇಟ್ಟರೆ ಕೆಂಪು ಉಳಿಯುತ್ತದೆ. 'ಕ್ಲೌಡಿ' ಇಟ್ಟರೆ ಇನ್ನಷ್ಟು ಗಾಢವಾಗುತ್ತದೆ.

ಬೆಳಕಿನ ವಿಷಯವು ಜಮಾ-ಖರ್ಚಿನ ಪುಸ್ತಕದಂತೆ. ಒಂದು ಕಡೆ ಇಳಿಸಿದ್ದನ್ನು ಇನ್ನೊಂದು ಕಡೆ ತುಂಬಲೇಬೇಕು. ಎಫ್ 8ರಲ್ಲಿ ಸೆಕೆಂಡಿನ 1/250 ಅಂಶವೂ, ಎಫ್ 11ರಲ್ಲಿ 1/125 ಅಂಶವೂ ಒಂದೇ ಮೊತ್ತ. ಐ.ಎಸ್.ಓ. 100ರಲ್ಲಿರಲಿ. ಸೂರ್ಯನನ್ನು ಚೌಕಟ್ಟಿನಿಂದ ಹೊರಗಿಟ್ಟು, ಪಕ್ಕದ ಆಕಾಶವನ್ನು ಅಳೆದು, ಆ ಅಳತೆಯನ್ನು ಭದ್ರಪಡಿಸಿದ ಬಳಿಕ ಚಿತ್ರವನ್ನು ಹೊಂದಿಸಬೇಕು. ಮೊಬೈಲಿನಲ್ಲಾದರೆ ಸೂರ್ಯನ ಬಳಿಯ ಆಕಾಶದ ಮೇಲೆ ಬೆರಳನ್ನು ಒತ್ತಿಹಿಡಿದರೆ ಬಹುತೇಕ ಫೋನುಗಳಲ್ಲಿ ಅಳತೆ ನಿಲ್ಲುತ್ತದೆ; ನಂತರ ಪ್ರಖರತೆಯನ್ನು ತುಸು ತಗ್ಗಿಸಬೇಕು.

ಫಿಲ್ಟರುಗಳ ಉಪಯೋಗ

ಆಕಾಶವು ಬೆಳಗಿ ನೆಲವು ಕತ್ತಲಾಗಿರುವಾಗ 'ಗ್ರಾಜುಯೇಟೆಡ್ ಎನ್.ಡಿ.' ಫಿಲ್ಟರು ಉಪಯುಕ್ತ. ಅದರ ಮೇಲರ್ಧ ಮಬ್ಬು, ಕೆಳಗಿನ ಅರ್ಧ ತಿಳಿ. ಸಮರೇಖೆಯಂತಿರುವ ಕಡಲ ದಿಗಂತಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ಎತ್ತರದ ಕಟ್ಟಡಗಳಿದ್ದಲ್ಲಿ ಅವುಗಳ ತಲೆಯೂ ಕಪ್ಪಾಗುತ್ತದೆ. ಪೋಲರೈಸರಿನ ಪ್ರಭಾವವು ಸೂರ್ಯನಿಂದ 90 ಡಿಗ್ರಿ ಬದಿಗಿರುವ ಆಕಾಶದಲ್ಲಿ ಅತ್ಯಧಿಕ; ನೇರ ಸೂರ್ಯನ ದಿಕ್ಕಿನ ಆಕಾಶಕ್ಕೆ ಅದರಿಂದ ಹೆಚ್ಚಿನ ಲಾಭವಿಲ್ಲ. ಲೆನ್ಸಿನ ರಕ್ಷಣೆಗೆಂದು ಹಾಕಿದ ಯು.ವಿ. ಗಾಜು ಸೂರ್ಯನ ಎರಡನೆಯ ಪ್ರತಿಬಿಂಬವನ್ನು ಮೂಡಿಸಬಹುದಾದ್ದರಿಂದ ಅದನ್ನು ಆ ಹೊತ್ತಿಗೆ ತೆಗೆದಿಡುವುದು ಲೇಸು.

ವಿಡಿಯೋ ತೆಗೆಯುವವರು ಸೆಕೆಂಡಿಗೆ 25 ಚೌಕಟ್ಟುಗಳಿದ್ದರೆ ಷಟರನ್ನು 1/50ಕ್ಕೆ ಇಡುವುದು ವಾಡಿಕೆ. ಅಲೆಗಳ ಚಲನೆ ಆಗ ಸಹಜವಾಗಿ ಕಾಣುತ್ತದೆ. ಬೆಳಕು ಹೆಚ್ಚಾಗಿ ಕ್ಯಾಮರಾವು 1/400 ಕೇಳಿದರೆ 'ಎನ್.ಡಿ. 8' ಫಿಲ್ಟರು ಎಂಟರಲ್ಲೊಂದು ಪಾಲನ್ನು ಮಾತ್ರ ಒಳಬಿಟ್ಟು ಲೆಕ್ಕವನ್ನು ಸರಿಯಾಗಿ 1/50ಕ್ಕೆ ತರುತ್ತದೆ. ಟ್ರೈಪಾಡ್ ಅವಶ್ಯ.

ಕಣ್ಣಿನ ರಕ್ಷಣೆ

ಇದುವರೆಗೆ ಹೇಳಿದುದು ಕ್ಯಾಮರಾದ ಕಣ್ಣಿನ ವಿಚಾರ. ಮನುಷ್ಯನ ಕಣ್ಣಿನ ಅಕ್ಷಿಪಟಲಕ್ಕೆ ನೋವನ್ನು ತಿಳಿಸುವ ನರಗಳಿಲ್ಲ. ಪ್ರಖರ ಸೂರ್ಯನನ್ನು ದಿಟ್ಟಿಸಿದಾಗ ಅದಕ್ಕೆ ಘಾಸಿಯಾದರೂ ಆ ಕ್ಷಣದಲ್ಲಿ ತಿಳಿಯುವುದಿಲ್ಲ. ಕೆಲವು ಗಂಟೆಗಳ ನಂತರ ದೃಷ್ಟಿಯ ನಡುವೆ ಕಪ್ಪು ಚುಕ್ಕೆ ಕಾಣಬಹುದು, ಅಕ್ಷರಗಳು ಸೊಟ್ಟಗಾಗಬಹುದು. ಅನೇಕರಲ್ಲಿ ಇದು ತಿಂಗಳುಗಳಲ್ಲಿ ಸುಧಾರಿಸಿದರೂ ಕೆಲವರಲ್ಲಿ ಶಾಶ್ವತವಾಗಿ ಉಳಿಯುವುದುಂಟು. ಟೆಲಿ ಲೆನ್ಸ್ ಹಾಕಿದ ಕ್ಯಾಮರಾದ ಗಾಜಿನ ಕಿಂಡಿಯಲ್ಲಿ ಇಣುಕಿದಾಗ ಅಪಾಯವು ಮತ್ತಷ್ಟು ಹೆಚ್ಚುತ್ತದೆ. ಎನ್.ಡಿ. ಫಿಲ್ಟರು ಚಿತ್ರಕ್ಕಾಗಿ ಮಾಡಿದ ಗಾಜು. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಅದು ತಡೆಯುವುದೆಂಬ ಭರವಸೆಯಿಲ್ಲ. ಆದುದರಿಂದ ಕಿಂಡಿಯನ್ನು ಬಿಟ್ಟು ಹಿಂಬದಿಯ ಪರದೆಯಲ್ಲಿಯೇ ನೋಡಬೇಕು. ಮಕ್ಕಳಿಗೂ ಇದನ್ನೇ ಕಲಿಸಬೇಕು. ಕಪ್ಪು ಚುಕ್ಕೆ ಕಂಡರೆ ತಡಮಾಡದೆ ನೇತ್ರವೈದ್ಯರನ್ನು ಕಾಣತಕ್ಕದ್ದು.

ಸೂರ್ಯನು ಮುಳುಗಿದ ಕೂಡಲೇ ಜನರು ಚೀಲ ಕಟ್ಟಿಕೊಂಡು ಹೊರಡುತ್ತಾರೆ. ಆದರೆ ಮೋಡಗಳು ಕೆಳಗಿನಿಂದ ಬೆಳಗಿ, ಅನೇಕ ವೇಳೆ ಅತ್ಯಂತ ಸುಂದರವಾದ ಬಣ್ಣಗಳು ಮೂಡುವುದು ಅದರ ಮುಂದಿನ ಹದಿನೈದು-ಇಪ್ಪತ್ತು ನಿಮಿಷಗಳಲ್ಲಿ. ಆಗ ಕಣ್ಣಿಗೆ ಭಯವೂ ಇಲ್ಲ. ಕ್ಯಾಮರಾ ಕೆಟ್ಟರೆ ಇನ್ನೊಂದನ್ನು ಕಂತಿನಲ್ಲಾದರೂ ಕೊಳ್ಳಬಹುದು. ಕಣ್ಣೆಂಬ ಬಂಡವಾಳ ಒಮ್ಮೆ ಕರಗಿದರೆ ಅದನ್ನು ಮರಳಿ ತುಂಬಿಕೊಡುವ ಸಾಲವಿಲ್ಲ.